ಆ ಫೋಟೋದಲ್ಲಿ ನಾಲ್ವರ ಹೆಸರು ಬೇಕಾಗಿದೆ

ಮುಂಬಯಿಯ ವಿಶ್ವವಿದ್ಯಾಲಯಗಳ ಕುಲಗುರುಗಳಿಗೂ ಕಾಲೇಜು ಜಿಮಖಾನಾಗಳ ಮುಖ್ಯಸ್ಥರಿಗೂ ಒಂದು ಬಹಿರಂಗ ಪತ್ರ

ಮಾನ್ಯರೆ,

ನಾನೊಬ್ಬ ನಿವೃತ್ತ ಬ್ಯಾಂಕ್ ನೌಕರ. ವಯಸ್ಸು ಎಪ್ಪತ್ತೊಂದು, ಮುಲುಂಡಿನಲ್ಲಿ ವಾಸ. ಹನ್ನೆರಡನೇ ವಯಸ್ಸಿಗೆ ಉಡುಪಿ ಕಡೆಯಿಂದ ಬಂದು ಫೋರ್ಟಿನ ಹೋಟೆಲೊಂದರಲ್ಲಿ ಮಾಣಿಯಾದವ, ಹಗಲು ಲೋಟ ತೊಳೆದು ರಾತ್ರಿ ಕನ್ನಡ ಶಾಲೆಯಲ್ಲಿ ಎಸ್ಸೆಸ್ಸಿ ಪಾಸಾದವ, ಆಮೇಲೆ ಬೆಳಗಿನ ಕಾಲೇಜಿಗೆ ಹೋಗಿ ಬಿ.ಕಾಂ. ಮುಗಿಸಿದವ. ಈ ಊರಲ್ಲಿ ಇಂಥ ಕತೆ ಗಲ್ಲಿಗೊಂದು ಇದೆ. ಹಾಗಾಗಿ ಅದನ್ನು ಬೆಳೆಸುವುದಿಲ್ಲ. ನಾನು ಹೇಳಬೇಕಾದ್ದು ಒಂದು ಫೋಟೋದ ವಿಷಯ.

ಹೋದ ಮಳೆಗಾಲದಲ್ಲಿ ನಮ್ಮ ಕಾಲೇಜು ಫುಟ್‌ಬಾಲ್ ತಂಡದ ಸೆಂಟರ್ ಫಾರ್ವರ್ಡ್ ಡೊಂಬಿವಲಿಯಲ್ಲಿ ತೀರಿಕೊಂಡ. ಪುತ್ತೂರಿನ ಕಡೆಯವನು. ಬಲಗಾಲಿಗಿಂತ ಎಡಗಾಲಿನ ಹೊಡೆತ ಜೋರು. ಹನ್ನೊಂದನೇ ದಿನ ಅವನ ಮಗ ಬಂದು ಕೇಳಿದ, "ಅಂಕಲ್, ಪೇಪರಿಗೆ ಎರಡು ಸಾಲು ಕೊಡಬೇಕು. ಅಪ್ಪ ಯೂನಿವರ್ಸಿಟಿಗೆ ಆಡಿದ್ದು ಯಾವ ವರ್ಷ?" ನಾನು 1974 ಎಂದೆ. ಮತ್ತೆ 1975 ಇರಬಹುದು ಎಂದೆ. ಅವನು ಬರೆದುಕೊಳ್ಳಲು ತೆರೆದ ಪೆನ್ನನ್ನು ಹಾಗೇ ಹಿಡಿದು ನನ್ನ ಮುಖ ನೋಡಿದ.

ಮನೆಗೆ ಬಂದು ಟ್ರಂಕು ಬಿಚ್ಚಿದೆ. ಫೋಟೋ ಸಿಕ್ಕಿತು. ಮುಂದಿನ ಸಾಲಿನಲ್ಲಿ ಕುರ್ಚಿಯ ಮೇಲೆ ಐವರು, ಹಿಂದೆ ನಿಂತವರು ಏಳು, ನೆಲದಲ್ಲಿ ಚಕ್ಕಳಮಕ್ಕಳ ಹಾಕಿದವರು ಇಬ್ಬರು, ಅವರ ನಡುವೆ ಒಂದು ಚೆಂಡು. ಹಿಂಭಾಗ ತಿರುಗಿಸಿದರೆ ಸ್ಟುಡಿಯೋದ ಸೀಲು ಮಾತ್ರ. ವರ್ಷ ಇಲ್ಲ, ಹೆಸರಿಲ್ಲ. ಹದಿನಾಲ್ಕು ಮಂದಿಯಲ್ಲಿ ಹತ್ತು ಜನರ ಹೆಸರು ನನಗೆ ನೆನಪಿದೆ. ಉಳಿದ ನಾಲ್ವರ ಜೊತೆ ಎರಡು ಸೀಸನ್ ಆಡಿದ್ದೇನೆ, ಒಂದೇ ಮಡಿಕೆಯಿಂದ ನೀರು ಕುಡಿದಿದ್ದೇನೆ, ಹೆಸರು ಮಾತ್ರ ನಾಲಿಗೆಗೆ ಬರುತ್ತಿಲ್ಲ.

ಕಾಲೇಜಿಗೆ ಹೋದೆ. ಯಾವ ಕಾಲೇಜು ಎಂದು ಇಲ್ಲಿ ಬರೆಯುವುದಿಲ್ಲ. ಬರೆದರೆ ಪತ್ರವೆಲ್ಲ ಆ ಒಂದು ಕಾಲೇಜಿನ ದೂರಾಗಿಬಿಡುತ್ತದೆ. ಜಿಮಖಾನಾದ, ಅಂದರೆ ಕ್ರೀಡಾ ವಿಭಾಗದ, ಗುಮಾಸ್ತ ಒಳ್ಳೆಯ ಹುಡುಗ. ಕುರ್ಚಿ ಕೊಟ್ಟ, ಕಟಿಂಗ್ ಚಾ ತರಿಸಿದ. "ಕಾಕಾ, ಹಳೇ ರಿಜಿಸ್ಟರುಗಳಲ್ಲಿ ಅರ್ಧ ರದ್ದಿಗೆ ಹೋಯ್ತು, ಅರ್ಧ 2005ರ ಮಳೆಗೆ ಹೋಯ್ತು" ಎಂದ. ಜುಲೈ 26ರ ಆ ಮಳೆಯನ್ನು ನಾನೂ ಕಂಡವ. ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಸುರಿದಿತ್ತು. ನೀರಿನ ಮೇಲೆ ಯಾರು ಕೇಸು ಹಾಕುತ್ತಾರೆ? ಆದರೆ ರದ್ದಿಗೆ ಹೋದ ಅರ್ಧ? ಕಾಗದವನ್ನು ಕಿಲೋ ಲೆಕ್ಕದಲ್ಲಿ ತೂಗಿ ಕೊಟ್ಟಿದ್ದಾರೆ. ನಾವು ಎಷ್ಟು ಕಿಲೋ ಬಂದೆವೋ ಏನೋ.

ಬ್ಯಾಂಕಿನಲ್ಲಿ ಮೂವತ್ತಾರು ವರ್ಷ ಲೆಡ್ಜರ್ ಬರೆದ ಕೈ ನನ್ನದು. ನಾಲ್ಕು ಪೈಸೆ ತಾಳೆಯಾಗದಿದ್ದರೆ ಕಡೆಯ ಲೋಕಲ್ ತಪ್ಪಿಸಿಕೊಂಡು ಕೂತು ಹುಡುಕಿದ ಕಾಲ ಅದು. ಆ ಅಭ್ಯಾಸಕ್ಕೆ ಈ ರದ್ದಿಯ ಮಾತು ಇನ್ನೂ ಅರಗಿಲ್ಲ.

ಇದಾಗಿ ಮೂರು ತಿಂಗಳಿಗೆ ಮಗಳ ಮನೆಗೆಂದು ಅಮೆರಿಕಕ್ಕೆ ಹೋದೆ. ಅವಳಿರುವುದು ಮಿಶಿಗನ್ ರಾಜ್ಯದ ಆ್ಯನ್ ಆರ್ಬರ್ ಎಂಬ ಊರಲ್ಲಿ. ಊರಿನ ಜನಸಂಖ್ಯೆ ಹೆಚ್ಚುಕಡಿಮೆ ಒಂದು ಕಾಲು ಲಕ್ಷ, ನಮ್ಮ ಮುಲುಂಡಿನ ಒಂದು ಮೂಲೆಗೆ ಸಾಲದು. ಆದರೆ ಅಲ್ಲಿನ ವಿಶ್ವವಿದ್ಯಾಲಯದ ಫುಟ್‌ಬಾಲ್ ಸ್ಟೇಡಿಯಮ್ಮಿನಲ್ಲಿ 1,07,601 ಜನ ಕೂರುತ್ತಾರೆ. ಪಂದ್ಯದ ಶನಿವಾರ ಊರಿಗೆ ಊರೇ ಹಳದಿ–ನೀಲಿ ಬಟ್ಟೆ ತೊಟ್ಟು ಒಂದೇ ದಿಕ್ಕಿಗೆ ನಡೆಯುವುದನ್ನು ನೋಡಿ ನನ್ನ ಹೆಂಡತಿ "ಇಲ್ಲಿ ಇವತ್ತು ತೇರಾ?" ಎಂದಳು. ಅಳಿಯ ನಕ್ಕ. ಅವಳು ಕೇಳಿದ್ದರಲ್ಲಿ ತಪ್ಪೇನೂ ಇಲ್ಲ.

ಮೊದಲೇ ಹೇಳಿಬಿಡುತ್ತೇನೆ, ಅವರ ಫುಟ್‌ಬಾಲ್ ನಮ್ಮ ಫುಟ್‌ಬಾಲ್ ಅಲ್ಲ. ಚೆಂಡು ಗುಜ್ಜೆಯ ಆಕಾರ. ಕಾಲಿಗಿಂತ ಕೈಗೇ ಹೆಚ್ಚು ಕೆಲಸ. ಹತ್ತು ಸೆಕೆಂಡು ಆಡುತ್ತಾರೆ, ಆಮೇಲೆ ಗುಂಪು ಕಟ್ಟಿ ಪಂಚಾಯಿತಿ ಮಾಡುತ್ತಾರೆ. ಮೂರು ಗಂಟೆ ಕೂತು ನನಗೆ ಅರ್ಥವಾದದ್ದು ಅರ್ಧ ಪಾಲು. ನಾನು ಮನಸೋತದ್ದು ಆಟಕ್ಕಲ್ಲ, ಅವರು ಇಟ್ಟ ಲೆಕ್ಕಕ್ಕೆ.

ಸ್ಟೇಡಿಯಮ್ಮನ್ನು ಹೊರಗಿನಿಂದ ನೋಡಿದರೆ ಅಷ್ಟು ದೊಡ್ಡದು ಅನ್ನಿಸುವುದಿಲ್ಲ. ಬಾಗಿಲು ದಾಟಿದರೆ ಎದೆ ಝಲ್ಲೆನ್ನುತ್ತದೆ. ಕಾಲಡಿಯಿಂದ ಕೆಳಕ್ಕೆ, ಕೆಳಕ್ಕೆ, ದೇವಸ್ಥಾನದ ಕೆರೆಯ ಮೆಟ್ಟಿಲುಗಳ ಹಾಗೆ ಸಾಲುಗಳು ಇಳಿಯುತ್ತವೆ, ತಳದಲ್ಲಿ ಹಸಿರು ಮೈದಾನ. ಬಹುಪಾಲು ನೆಲದೊಳಗೇ ಇದೆ. ಕೆರೆ ಎಂದದ್ದು ಬರೀ ಹೋಲಿಕೆಗಲ್ಲ. ಆ ಜಾಗದ ಅಡಿಯಲ್ಲಿ ನಿಜಕ್ಕೂ ಒರತೆ ಇತ್ತು. 1926–27ರಲ್ಲಿ ಅಗೆಯುವಾಗ ಜೌಗು ನೆಲ ಒಂದು ಕ್ರೇನನ್ನೇ ನುಂಗಿತು, ಅದು ಇಂದಿಗೂ ಅಡಿಯಲ್ಲಿದೆ ಎಂಬ ಮಾತು ಊರಲ್ಲಿ ಚಾಲ್ತಿಯಲ್ಲಿದೆ. ನಮ್ಮ ಕಡೆಯಾದರೆ ಅಲ್ಲೊಂದು ಭೂತಕ್ಕೆ ಗುಡಿ ಕಟ್ಟುತ್ತಿದ್ದರು.

ಇದನ್ನು ಕಟ್ಟಿಸಿದವನು ಫೀಲ್ಡಿಂಗ್ ಯೋಸ್ಟ್. 1901ರಲ್ಲಿ ತರಬೇತುದಾರನಾಗಿ ಬಂದ. ಆ ಮೊದಲ ವರ್ಷ ಅವನ ತಂಡ 550 ಅಂಕ ಗಳಿಸಿತು, ಎದುರಾಳಿಗಳಿಗೆ ಬಿಟ್ಟುಕೊಟ್ಟದ್ದು ಸೊನ್ನೆ. 1902ರ ಹೊಸ ವರ್ಷದ ದಿನ ಕ್ಯಾಲಿಫೋರ್ನಿಯಾದ ಪಾಸಡೀನಾದಲ್ಲಿ ಸ್ಟ್ಯಾನ್‌ಫರ್ಡ್ ತಂಡವನ್ನು 49–0 ಅಂತರದಲ್ಲಿ ಬಡಿದರು. ರೋಸ್ ಬೌಲ್ ಎಂಬ ಪಂದ್ಯ ಶುರುವಾದದ್ದೇ ಹಾಗೆ. ಆಟ ಮುಗಿಯಲು ಇನ್ನೂ ಎಂಟು ನಿಮಿಷ ಇರುವಾಗಲೇ ಸ್ಟ್ಯಾನ್‌ಫರ್ಡ್‌ನವರು ಸಾಕು ಎಂದು ಕೈಮುಗಿದರು. 1901ರಿಂದ 1905ರವರೆಗೆ 57 ಪಂದ್ಯ. 55 ಗೆಲುವು, ಒಂದು ಸಮ, ಒಂದು ಸೋಲು. ಆ ಒಂದು ಸೋಲು ಶಿಕಾಗೋ ಎದುರು, 2–0. ಗಳಿಸಿದ ಅಂಕ 2,821, ಕೊಟ್ಟದ್ದು 42. ನಲವತ್ತು ಚಿಲ್ಲರೆ ಅನ್ನಲಿಲ್ಲ ನೋಡಿ, 42.

ಮೊದಲು ಅವರಿಗೂ ಇಷ್ಟು ದೊಡ್ಡ ಜಾಗ ಇರಲಿಲ್ಲ. 1893ರಲ್ಲಿ ರೀಜೆಂಟ್ಸ್ ಫೀಲ್ಡ್, 1906ರಿಂದ ಫೆರ್ರಿ ಫೀಲ್ಡ್. ಎರಡನೆಯದಕ್ಕೆ ಭೂಮಿ ಕೊಟ್ಟವನು ಡೆಟ್ರಾಯಿಟಿನ ಬೀಜದ ವ್ಯಾಪಾರಿ ಡೆಕ್ಸ್‌ಟರ್ ಫೆರ್ರಿ. ಜನ ಹೆಚ್ಚಿ ಅದೂ ಸಾಲದಾದಾಗ ಯೋಸ್ಟ್ ಹೊಸದು ಕಟ್ಟಲು ಹೊರಟ. ಸರ್ಕಾರದ ತೆರಿಗೆ ಹಣಕ್ಕೆ ಕೈಯೊಡ್ಡದೆ 500 ಡಾಲರಿನ 3,000 ಬಾಂಡ್ ಹೊರಡಿಸಿದ. ಬಾಂಡ್ ಕೊಂಡವರಿಗೆ ಬಡ್ಡಿಯ ಜೊತೆ ಸೀಸನ್ ಟಿಕೆಟ್ ಕೊಳ್ಳುವ ಹಕ್ಕು. ಬ್ಯಾಂಕಿನವನಾದ ನನಗೆ ಈ ಉಪಾಯ ಬಲು ಹಿಡಿಸಿತು. ಒಟ್ಟು ಖರ್ಚು 9,50,000 ಡಾಲರ್. 1927ರ ಅಕ್ಟೋಬರ್ 1ರಂದು ಮೊದಲ ಪಂದ್ಯ, ಓಹಾಯೋ ವೆಸ್ಲಿಯನ್ ಎದುರು 33–0. ಮೂರು ವಾರ ಬಿಟ್ಟು ಅಕ್ಟೋಬರ್ 22ರಂದು ವಿಧಿವತ್ತಾದ ಉದ್ಘಾಟನೆ, ಓಹಾಯೋ ಸ್ಟೇಟ್ ಎದುರು 21–0, ಸೇರಿದವರು 84,401. ಯೋಸ್ಟನ ಕಣ್ಣು ಇನ್ನೂ ದೂರ ಇತ್ತು. ಮುಂದೊಂದು ದಿನ ಲಕ್ಷ ಜನ ಬಂದಾರು ಎಂದು ಅಡಿಪಾಯವನ್ನು ಆಗಲೇ ಅಷ್ಟು ಗಟ್ಟಿ ಹಾಕಿಸಿದ್ದ.

ಲಕ್ಷ ದಾಟಿದ್ದು 1956ರಲ್ಲಿ. ಆಗಿನ ಲೆಕ್ಕ 1,01,001. ಕೊನೆಯ ಆ ಒಂದು ಸೀಟು ಫ್ರಿಟ್ಜ್ ಕ್ರಿಸ್ಲರ್ ಎಂಬ ಹಳೆಯ ತರಬೇತುದಾರನ ಗೌರವಕ್ಕಂತೆ. ಎಲ್ಲಿದೆ ಎಂದು ಹೇಳುವುದಿಲ್ಲ. ಆಮೇಲೆ ಎಷ್ಟು ಸಲ ಸೀಟು ಕೂಡಿಸಿದರೂ ಕಳೆದರೂ ಸಂಖ್ಯೆ ಕೊನೆಗೆ ಒಂದರಲ್ಲೇ ನಿಲ್ಲುವಂತೆ ನೋಡಿಕೊಂಡಿದ್ದಾರೆ. ಮಂಗಲಕಾರ್ಯಕ್ಕೆ ನೂರಕ್ಕೆ ಒಂದು ರೂಪಾಯಿ ಸೇರಿಸಿ ಮುಯ್ಯಿ ಕೊಡುವ ನಮಗೆ ಇದು ವಿವರಿಸಬೇಕಾದ ಸಂಗತಿಯಲ್ಲ. 1975ರ ನವೆಂಬರಿನಿಂದ, ಕೋವಿಡ್ಡಿನ ವರ್ಷ ಬಿಟ್ಟರೆ, ಅಲ್ಲಿನ ಒಂದು ಪಂದ್ಯಕ್ಕೂ ಲಕ್ಷಕ್ಕಿಂತ ಕಡಿಮೆ ಜನ ಸೇರಿಲ್ಲ. 2013ರಲ್ಲಿ ನೋಟರ್ ಡೇಮ್ ಪಂದ್ಯಕ್ಕೆ 1,15,109. ನಮ್ಮ ಫುಟ್‌ಬಾಲೂ ಅಲ್ಲಿಗೆ ಹೋಗಿದೆ. 2014ರ ಆಗಸ್ಟಿನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಮತ್ತು ರಿಯಲ್ ಮ್ಯಾಡ್ರಿಡ್ ಆಡಿದಾಗ 1,09,318 ಜನ ಬಂದಿದ್ದರು. ಇದನ್ನು ಕೇಳಿದಾಗ ಮಾತ್ರ ನನಗೆ ಸ್ವಲ್ಪ ಹೊಟ್ಟೆಯುರಿಯಿತು.

ಅಳಿಯ ಮರುವಾರ ಬೆಂಟ್ಲಿ ಹಿಸ್ಟಾರಿಕಲ್ ಲೈಬ್ರರಿಗೆ ಕರೆದುಕೊಂಡು ಹೋದ. ವಿಶ್ವವಿದ್ಯಾಲಯದ ಹಳೆಯ ಕಾಗದಪತ್ರವೆಲ್ಲ ಅಲ್ಲಿದೆ, ಫುಟ್‌ಬಾಲ್ ತಂಡದ್ದೂ. ಹೊರಗಿನವರೂ ಹೋಗಿ ಕೇಳಿ ನೋಡಬಹುದು. ಅವರ ಮೊದಲ ಪಂದ್ಯ 1879ರ ಮೇ 30ರಂದು ಶಿಕಾಗೋದಲ್ಲಿ, ರೇಸೀನ್ ಕಾಲೇಜಿನ ಎದುರು. ಗೆದ್ದದ್ದು 1–0. ಮೊದಲ ಟಚ್‌ಡೌನ್, ಅಂದರೆ ಚೆಂಡನ್ನು ಎದುರಾಳಿಯ ಗೆರೆ ದಾಟಿಸಿದ್ದು, ಇರ್ವಿಂಗ್ ಪಾಂಡ್ ಎಂಬವನದು. ಅವನು ಮುಂದೆ ಏನಾದ ಎಂಬುದೂ ಗೊತ್ತಿದೆ. ವಾಸ್ತುಶಿಲ್ಪಿಯಾದ, ಅದೇ ಕ್ಯಾಂಪಸ್ಸಿನಲ್ಲಿ ವಿದ್ಯಾರ್ಥಿಗಳು ಇಂದಿಗೂ ಕಾಫಿ ಕುಡಿಯಲು ಸೇರುವ ಮಿಶಿಗನ್ ಯೂನಿಯನ್ ಕಟ್ಟಡವನ್ನು ತಮ್ಮನ ಜೊತೆ ಸೇರಿ ವಿನ್ಯಾಸ ಮಾಡಿದ.

ಒಂದು ನೀರಿನ ಜಾಡಿಯ ಕತೆ ಕೇಳಿ. 1903ರಲ್ಲಿ ಮಿನೆಸೋಟದ ಮೇಲೆ ಆಡಲು ಮಿನಿಯಾಪೊಲಿಸ್ಸಿಗೆ ಹೋಗಿದ್ದಾಗ, ಆ ಊರಿನವರು ಕುಡಿಯುವ ನೀರಿಗೆ ಏನಾದರೂ ಬೆರೆಸಿಯಾರು ಎಂದು ಯೋಸ್ಟನಿಗೆ ಅನುಮಾನ. ಸಾಮಾನು ನೋಡಿಕೊಳ್ಳುತ್ತಿದ್ದ ಟಾಮಿ ರಾಬರ್ಟ್ಸ್ ಎಂಬ ಹುಡುಗನನ್ನು ಅಂಗಡಿಗೆ ಓಡಿಸಿದ. ಅವನು ಐದು ಗ್ಯಾಲನ್ನಿನ ಜಾಡಿ ತಂದ, ಬೆಲೆ 30 ಸೆಂಟು. ಪಂದ್ಯ 6–6 ಸಮವಾಯಿತು, ಜನ ಮೈದಾನಕ್ಕೆ ನುಗ್ಗಿದರು, ಗಡಿಬಿಡಿಯಲ್ಲಿ ಜಾಡಿ ಅಲ್ಲೇ ಉಳಿಯಿತು. ಅದು ಸಿಕ್ಕಿದ್ದು ಆಸ್ಕರ್ ಮನ್ಸನ್ ಎಂಬ ಜವಾನನಿಗೆ. ಮಿನೆಸೋಟದವರು, ಬೇಕಾದರೆ ಗೆದ್ದು ತೆಗೆದುಕೊಂಡು ಹೋಗಿ ಎಂದರು. 1909ರಲ್ಲಿ ಮಿಶಿಗನ್ನಿನವರು ಗೆದ್ದು ತಂದರು. ಅಂದಿನಿಂದ ಆ ಎರಡು ತಂಡಗಳ ನಡುವೆ ಗೆದ್ದವರಿಗೆ ಆ ಜಾಡಿಯೇ ಟ್ರೋಫಿ.

ಕುಲಗುರುಗಳೆ, ನಾನು ಆ ಓದುವ ಕೋಣೆಯಲ್ಲಿ ಕೂತು ಯೋಚಿಸಿದ್ದು ಇಷ್ಟೆ. ಜಾಡಿ ಕೊಂಡ ಹುಡುಗನ ಹೆಸರು ಉಳಿದಿದೆ. ಅದನ್ನು ಎತ್ತಿಕೊಂಡ ಜವಾನನ ಹೆಸರು ಉಳಿದಿದೆ. ನೂರಿಪ್ಪತ್ತು ವರ್ಷದ ಹಿಂದಿನ 30 ಸೆಂಟು ಉಳಿದಿದೆ. ನಮ್ಮ ತಂಡದ ಲೆಫ್ಟ್ ಹಾಫ್ ಯಾರು ಎಂಬುದು ಐವತ್ತು ವರ್ಷಕ್ಕೆ ಅಳಿಸಿಹೋಗಿದೆ.

ಅಲ್ಲಿನದೆಲ್ಲ ಚಿನ್ನ ಎಂದು ಹೇಳಲು ನಾನು ಹೊರಟಿಲ್ಲ. ಹುಡುಗರ ತಲೆಗೆ ತಲೆ ಡಿಕ್ಕಿ ಹೊಡೆಯುವ ಸದ್ದು ಮೇಲಿನ ಸಾಲಿಗೂ ಕೇಳುತ್ತದೆ. ಈ ತಂಡದ ತರಬೇತುದಾರನ ಸಂಬಳ ಆ ರಾಜ್ಯದ ಗವರ್ನರನ ಸಂಬಳಕ್ಕಿಂತ ಎಷ್ಟೋ ಪಾಲು ಹೆಚ್ಚು. ಇದನ್ನು ಇಲ್ಲಿಗೆ ತರಬೇಕಾಗಿಲ್ಲ. ಆದರೆ ಅವರ ಲೆಡ್ಜರಿನಲ್ಲಿ ಅವರ ಮಾನ ಹೋದ ಪುಟವೂ ಇದೆ, ಅದನ್ನು ಹರಿದುಹಾಕಿಲ್ಲ.

1934ರ ಅಕ್ಟೋಬರ್ 20. ಇದೇ ಸ್ಟೇಡಿಯಮ್ಮಿನಲ್ಲಿ ದಕ್ಷಿಣದ ಜಾರ್ಜಿಯಾ ಟೆಕ್ ತಂಡದ ಜೊತೆ ಪಂದ್ಯ. ಮಿಶಿಗನ್ನಿನಲ್ಲಿ ವಿಲ್ಲಿಸ್ ವಾರ್ಡ್ ಎಂಬ ಕರಿಯ ಆಟಗಾರನಿದ್ದ, ತಂಡದ ಒಳ್ಳೆಯ ಆಟಗಾರರಲ್ಲೊಬ್ಬ. ಓಟದಲ್ಲೂ ನಿಪುಣ, ಮುಂದಿನ ವರ್ಷ, ಆಮೇಲೆ ಒಲಿಂಪಿಕ್ಸ್ ಗೆದ್ದ ಓಟಗಾರ ಜೆಸ್ಸಿ ಓವೆನ್ಸ್‌ನನ್ನೇ ಹಿಂದಿಕ್ಕಿದವ. ಕರಿಯನಿದ್ದರೆ ನಾವು ಕಣಕ್ಕಿಳಿಯುವುದಿಲ್ಲ ಎಂದು ಬಂದ ತಂಡ ಹಟ ಹಿಡಿಯಿತು. ಯೋಸ್ಟ್ ಆಗ ಕ್ರೀಡಾ ನಿರ್ದೇಶಕ. ಅದಕ್ಕೆ ಒಪ್ಪಿ ವಾರ್ಡ್‌ನನ್ನು ಹೊರಗಿಟ್ಟರು. ಅವನ ಗೆಳೆಯನೊಬ್ಬ, ತಂಡದ ಸೆಂಟರ್, ಹಾಗಾದರೆ ನಾನೂ ಆಡುವುದಿಲ್ಲ ಎಂದಿದ್ದ. ಕೊನೆಗೆ ಆಡಿದ. ಆ ಗೆಳೆಯನ ಹೆಸರು ಜೆರಾಲ್ಡ್ ಫೋರ್ಡ್, ನಲವತ್ತು ವರ್ಷದ ಮೇಲೆ ಅಮೆರಿಕದ ಅಧ್ಯಕ್ಷನಾದವನು. ಅಂದು ಮಿಶಿಗನ್ 9–2ರಿಂದ ಗೆದ್ದಿತು. ಆ ವರ್ಷ ಎಂಟು ಪಂದ್ಯದಲ್ಲಿ ಅವರು ಗೆದ್ದದ್ದು ಅದೊಂದೇ. ವಾರ್ಡ್ ಮುಂದೆ ನ್ಯಾಯಾಧೀಶನಾದ. ಸ್ಟೇಡಿಯಂ ಕಟ್ಟಿದ ಯೋಸ್ಟನ ಹೆಸರನ್ನು ಹೇಳುವ ಇಂದಿನವರು ಈ ಪುಟವನ್ನೂ ಓದಿಯೇ ಹೇಳಬೇಕಾಗಿದೆ. ಬರೆದಿಟ್ಟದ್ದರಿಂದ ಅಲ್ಲವೆ ಅದು ಸಾಧ್ಯವಾದದ್ದು?

ಇನ್ನು ನಮ್ಮ ಊರಿಗೆ ಬರುತ್ತೇನೆ. ಆ್ಯನ್ ಆರ್ಬರಿನವರು ಮೊದಲ ಪಂದ್ಯ ಆಡಿದ 1879ರಲ್ಲಿ ಮುಂಬಯಿಯ ರಾಜಾಬಾಯಿ ಗಡಿಯಾರ ಗೋಪುರ ಆಗಲೇ ನಿಂತು ಗಂಟೆ ಹೊಡೆಯುತ್ತಿತ್ತು. ಅದರ ಎದುರಿನ ಓವಲ್ ಮೈದಾನ, ಆಚೆಗೆ ಕ್ರಾಸ್ ಮೈದಾನ, ಆಜಾದ್ ಮೈದಾನ. ಇಷ್ಟು ಹುಲ್ಲು ಒಂದೇ ಕಡೆ ಇರುವ ಊರು ನಮ್ಮ ದೇಶದಲ್ಲಿ ಎಷ್ಟಿವೆ? 1891ರಲ್ಲಿ ಇಲ್ಲಿ ರೋವರ್ಸ್ ಕಪ್ ಎಂಬ ಫುಟ್‌ಬಾಲ್ ಪಂದ್ಯಾವಳಿ ಶುರುವಾಯಿತು. ಮೊದಮೊದಲು ಬ್ರಿಟಿಷ್ ಪಲ್ಟನ್ನುಗಳದೇ ಆಟ, ಅವರದೇ ಕಪ್. ಅದನ್ನು ಮೊದಲು ಅವರ ಕೈಯಿಂದ ಕಿತ್ತುಕೊಂಡ ಭಾರತೀಯ ತಂಡ ಯಾವುದು ಎಂದು ಮಾಟುಂಗದಲ್ಲಿ ಯಾವ ಕನ್ನಡಿಗರನ್ನಾದರೂ ಕೇಳಿ ನೋಡಿ. ಹತ್ತರಲ್ಲಿ ಒಂಬತ್ತು ಜನ ಮೋಹನ್ ಬಗಾನ್ ಎನ್ನುತ್ತಾರೆ. ಅಲ್ಲ. ನಮ್ಮ ಬೆಂಗಳೂರಿನ ಬೆಂಗಳೂರು ಮುಸ್ಲಿಮ್ಸ್. 1937ರ ಫೈನಲ್ಲಿನಲ್ಲಿ ಅವರು ಕೋಲ್ಕತ್ತದ ಮೊಹಮ್ಮಡನ್ ಸ್ಪೋರ್ಟಿಂಗ್ ತಂಡವನ್ನು ಸೋಲಿಸಿದರು. 1938ರಲ್ಲಿ ಮತ್ತೆ ಬಂದು ಗೆದ್ದರು. ಸ್ವಾತಂತ್ರ್ಯ ಬಂದ ಮರುವರ್ಷ ಇನ್ನೊಮ್ಮೆ. ನಮ್ಮ ಸಂಘಗಳ ವಾರ್ಷಿಕೋತ್ಸವದಲ್ಲಿ ನಾನು ಐವತ್ತು ವರ್ಷ ಭಾಷಣ ಕೇಳಿದ್ದೇನೆ, ಒಮ್ಮೆಯೂ ಈ ಮಾತು ಕಿವಿಗೆ ಬಿದ್ದಿಲ್ಲ. ಆಮೇಲೆ 1950ರಿಂದ ಐದು ವರ್ಷ ಸತತ ಗೆದ್ದ ಹೈದರಾಬಾದ್ ಸಿಟಿ ಪೊಲೀಸ್ ಮತ್ತು ಅವರ ತರಬೇತುದಾರ ಸೈಯದ್ ಅಬ್ದುಲ್ ರಹೀಂ ಬಗ್ಗೆಯಾದರೆ ಕೆಲವರಿಗೆ ಗೊತ್ತಿದೆ.

ನಾವು ಹುಡುಗರಾಗಿದ್ದಾಗ ರೋವರ್ಸ್ ಎಂದರೆ ಕೂಪರೇಜ್. ಹಿಂದೆ ಪೀಪಾಯಿ ಮಾಡುತ್ತಿದ್ದ ಜಾಗವಂತೆ, ಅದಕ್ಕೇ ಆ ಹೆಸರು. ಭಾನುವಾರ ಆಫೀಸುಗಳಿಲ್ಲ, ಫೋರ್ಟಿನ ಹೋಟೆಲುಗಳಿಗೂ ರಜೆ. ಬೆಳಿಗ್ಗೆ ಕ್ರಾಸ್ ಮೈದಾನದಲ್ಲಿ ಬರಿಗಾಲಲ್ಲಿ ಆಡುವುದು, ಮಧ್ಯಾಹ್ನ ಉಂಡು ಎಲ್ಲರೂ ಸೇರಿ ಕೂಪರೇಜಿಗೆ ನಡೆಯುವುದು. ಧನಿಗಳು ಬೈದರೂ ಟಿಕೆಟ್ಟಿಗೆ ಚಿಲ್ಲರೆ ಕೊಡುತ್ತಿದ್ದರು. ಕೋಲ್ಕತ್ತದ ತಂಡಗಳು ಬಂದರೆ ಅರ್ಧ ಮುಂಬಯಿ ಬಂಗಾಳಿ ಮಾತಾಡುತ್ತಿತ್ತು. ನನಗೆ ಬೂಟು ಸಿಕ್ಕಿದ್ದು ಕಾಲೇಜಿಗೆ ಸೇರಿದ ಮೇಲೆ, ಅದೂ ಎರವಲು. ಎಂಟನೇ ನಂಬರಿನ ಕಾಲಿಗೆ ಒಂಬತ್ತರ ಬೂಟು, ತುದಿಗೆ ಹತ್ತಿ ತುರುಕಿ ಆಡಿದೆ.

ಕಾಲೇಜು ಫುಟ್‌ಬಾಲಿಗೆ ಆಗ ಇನ್ನೊಂದು ಬೆಲೆಯಿತ್ತು. ಹಾರ್ವುಡ್ ಲೀಗ್ ಎಂಬ ಮುಂಬಯಿಯ ಫುಟ್‌ಬಾಲ್ ಲೀಗಿನಲ್ಲಿ ಮಿಲ್ಲುಗಳು, ರೈಲ್ವೆ, ಬ್ಯಾಂಕುಗಳು, ಪೋರ್ಟ್ ಟ್ರಸ್ಟ್, ಟಾಟಾ, ಮಹೀಂದ್ರಾ, ಎಲ್ಲರದೂ ತಂಡ. ಅವರ ಜನ ಅಂತರ ಕಾಲೇಜು ಪಂದ್ಯದ ಬದಿಯಲ್ಲಿ ಸುಮ್ಮನೆ ನಿಂತು ನೋಡುತ್ತಿದ್ದರು. ಚೆನ್ನಾಗಿ ಆಡಿದ ಹುಡುಗನಿಗೆ ಕೆಲಸ. ನಮ್ಮ ಸೆಂಟರ್ ಫಾರ್ವರ್ಡ್‌ಗೆ ಹಾಗೇ ಸಿಕ್ಕಿತು. ಡೊಂಬಿವಲಿಯ ಆ ಎರಡು ಖೋಲಿಯ ಮನೆ, ಮಕ್ಕಳ ಓದು, ಎಲ್ಲ ಅವನ ಎಡಗಾಲು ತಂದದ್ದು. ನನಗೆ ಬ್ಯಾಂಕಿನ ಕೆಲಸ ಸಿಕ್ಕಿದ್ದು ಪರೀಕ್ಷೆ ಬರೆದು. ನನ್ನ ಆಟ ನೋಡಿ ಯಾರೂ ಕರೆಯಲಿಲ್ಲ, ಕರೆಯುವಂತೆಯೂ ಇರಲಿಲ್ಲ.

ಅವೆಲ್ಲ ಹೋದವು. ಗಿರಣಿಗಳು ಹೋದವು, ಅವುಗಳ ತಂಡಗಳು ಹೋದವು. ರೋವರ್ಸ್ ಕಪ್ 2001ರ ಹೊತ್ತಿಗೆ ನಿಂತೇಹೋಯಿತು. ಮಹೀಂದ್ರಾ ಯುನೈಟೆಡ್ 2010ರಲ್ಲಿ ಬಾಗಿಲು ಹಾಕಿತು. ಹೊಸದೂ ಬಂತು, ಇಲ್ಲವೆನ್ನುವುದಿಲ್ಲ. ನೆರೂಳಿನ ಡಿ.ವೈ. ಪಾಟೀಲ್ ಸ್ಟೇಡಿಯಂ 2008ರಲ್ಲಿ ತೆರೆಯಿತು, ಶಿಕ್ಷಣ ಸಂಸ್ಥೆಯ ಆವರಣದಲ್ಲೇ. 2017ರಲ್ಲಿ ಹದಿನೇಳರೊಳಗಿನ ಹುಡುಗರ ವಿಶ್ವಕಪ್ಪಿನ ಸೆಮಿಫೈನಲ್ಲಿನಲ್ಲಿ ಸ್ಪೇನ್ ಹುಡುಗರು ಮಾಲಿಯನ್ನು 3–1ರಿಂದ ಸೋಲಿಸಿದ್ದು ಅಲ್ಲಿ. 2022ರಲ್ಲಿ ಹುಡುಗಿಯರ ಅದೇ ವಿಶ್ವಕಪ್ಪಿನ ಫೈನಲ್ ಕೂಡ ಅಲ್ಲೇ ನಡೆಯಿತು. ಮೊಮ್ಮಗಳನ್ನು ಕರೆದುಕೊಂಡು ಹೋಗಿದ್ದೆ. ಕೊಲಂಬಿಯಾ ಹುಡುಗಿಯರು ಸೋತು ಅಳುವುದನ್ನು ನೋಡಿ ಅವಳೂ ಅತ್ತಳು. ಸಿಮೆಂಟು, ದೀಪ, ಹುಲ್ಲು ಎಲ್ಲ ನಮ್ಮಲ್ಲೂ ಇದೆ ಎಂದು ಹೇಳುವುದಕ್ಕೆ ಇಷ್ಟು ಬರೆದೆ. ಲಕ್ಷ ಜನ ಕೂರುವ ಸ್ಟೇಡಿಯಂ ಕಟ್ಟಿಸಿ ಎಂದು ನಾನು ಕೇಳುತ್ತಿಲ್ಲ.

ನಾನು ಕೇಳುವುದು ಒಂದು ಕಪಾಟು, ಅದಕ್ಕೊಂದು ಬೀಗ, ಒಂದು ದಪ್ಪ ರಟ್ಟಿನ ಪುಸ್ತಕ.

ನಿಮ್ಮ ಕಾಲೇಜು, ನಿಮ್ಮ ವಿಶ್ವವಿದ್ಯಾಲಯ ಆಡುವ ಪ್ರತಿ ಪಂದ್ಯ, ತಾರೀಖು, ಮೈದಾನ, ಎದುರಾಳಿ, ಗೋಲು, ಹನ್ನೊಂದು ಹೆಸರು ಮತ್ತು ಬೆಂಚಿನ ಮೇಲೆ ಕೂತವರ ಹೆಸರು ಅದರಲ್ಲಿ ಬರಲಿ. ಬೂಟು–ಜರ್ಸಿ ನೋಡಿಕೊಳ್ಳುವ ಜವಾನನ ಹೆಸರೂ ಬರಲಿ. ಈಗಿನವರು ಕಂಪ್ಯೂಟರಿನಲ್ಲಿ ಹಾಕುತ್ತೇವೆ ಎನ್ನಬಹುದು, ಹಾಕಲಿ. ಆದರೆ ಒಂದು ಪ್ರತಿ ಕಾಗದದಲ್ಲೂ ಇರಲಿ, ನೆಲಮಹಡಿಯಲ್ಲಂತೂ ಬೇಡ. ಮಳೆ ಮತ್ತೆ ಬರುತ್ತದೆ. ಹಳೆಯದನ್ನು ಕೂಡಿಸುವುದು ಕಷ್ಟ, ಆಗದ ಕೆಲಸವಲ್ಲ. ಅಂದಿನ ಪತ್ರಿಕೆಗಳಲ್ಲಿ ಅಂತರ ಕಾಲೇಜು ಪಂದ್ಯದ ಫಲಿತಾಂಶ ಎರಡು ಸಾಲಿನಲ್ಲಾದರೂ ಬರುತ್ತಿತ್ತು. ಕಾಲೇಜಿನ ವಾರ್ಷಿಕ ಸಂಚಿಕೆಗಳು ಯಾವುದೋ ಗ್ರಂಥಾಲಯದ ಕೆಳಗಿನ ಖಾನೆಯಲ್ಲಿ ಧೂಳು ತಿನ್ನುತ್ತಿರುತ್ತವೆ. ಎರಡು ಜನ ವಿದ್ಯಾರ್ಥಿಗಳನ್ನು ಬೇಸಿಗೆಯಲ್ಲಿ ಕೂರಿಸಿ, ಊಟದ ಖರ್ಚು ಕೊಡಿ. ನನ್ನಂಥ ನಿವೃತ್ತರು ಬಿಟ್ಟಿ ಬಂದು ಬರೆದುಕೊಡುತ್ತೇವೆ. ನನ್ನ ಅಕ್ಷರ ಇನ್ನೂ ದುಂಡಗಿದೆ.

ಹಣವಿಲ್ಲ ಎಂದು ಯಾರಾದರೂ ಹೇಳಿದರೆ ಆ ಜಾಡಿಯ 30 ಸೆಂಟು ಅವರಿಗೆ ನೆನಪಿಸಿ.

ಈ ಪತ್ರದ ಮರಾಠಿ ಮತ್ತು ಇಂಗ್ಲಿಷ್ ಪ್ರತಿಗಳನ್ನು ರಿಜಿಸ್ಟರ್ಡ್ ಟಪಾಲಿನಲ್ಲಿ ನಿಮಗೆ ಕಳಿಸಿದ್ದೇನೆ. ಕನ್ನಡದಲ್ಲಿ ಬರೆದು ಊರಿಗೆಲ್ಲ ಹಂಚುವುದಕ್ಕೆ ಬೇರೆ ಕಾರಣವಿದೆ. ರಾತ್ರಿ ಶಾಲೆಯಿಂದ ಕಾಲೇಜಿಗೆ ಬಂದು ಆಡಿದ ನಮ್ಮ ಹುಡುಗರು ಈಗ ಅಜ್ಜಂದಿರಾಗಿ ಮೀರಾ ರೋಡ್, ಠಾಣೆ, ಡೊಂಬಿವಲಿ, ಪನ್ವೇಲ್ ಎಂದು ಚದುರಿಹೋಗಿದ್ದಾರೆ. ಕೆಲವರು ಊರಿಗೆ ಹೋಗಿ ಅಡಕೆ ತೋಟ ಮಾಡಿಕೊಂಡಿದ್ದಾರೆ. ಅವರ ಟ್ರಂಕಿನಲ್ಲೂ ಒಂದು ಫೋಟೋ, ಒಂದು ಸರ್ಟಿಫಿಕೇಟು, ಬಣ್ಣ ಹೋದ ಒಂದು ಬ್ಲೇಜರಿನ ಬ್ಯಾಡ್ಜು ಇದ್ದೇ ಇರುತ್ತದೆ. ದಯವಿಟ್ಟು ಹೊರಗೆ ತೆಗೆಯಿರಿ, ಹಿಂಭಾಗದಲ್ಲಿ ಹೆಸರು ಬರೆಯಿರಿ. ಪೆನ್ಸಿಲಿನಲ್ಲಿ ಬರೆಯಿರಿ, ಶಾಯಿ ಇನ್ನೊಂದು ಕಡೆಗೆ ಇಳಿದುಬಿಡುತ್ತದೆ.

ಪುಸ್ತಕ ಸಿಕ್ಕಿದರೆ ಅಥವಾ ಹೊಸದಾಗಿ ಬರೆದರೆ ನನಗೊಂದು ನಷ್ಟವಿದೆ, ಅದನ್ನೂ ಹೇಳಿಬಿಡುತ್ತೇನೆ. ಆ ವರ್ಷದ ಸೆಮಿಫೈನಲ್ಲಿನಲ್ಲಿ ನಾವು ಒಂದು ಗೋಲಿನಿಂದ ಸೋತೆವು. ಮಕ್ಕಳಿಗೂ ಮೊಮ್ಮಕ್ಕಳಿಗೂ ನಾನು ಹೇಳುತ್ತ ಬಂದದ್ದು ರೆಫರಿ ಮೋಸ ಮಾಡಿದ ಎಂದು. ರೆಫರಿ ಏನೂ ಮಾಡಲಿಲ್ಲ. ಎಡಗಡೆಯಿಂದ ಬಂದ ಚೆಂಡನ್ನು ಹೊರಗೆ ಹೊಡೆಯಲು ಹೋದೆ. ಒಂಬತ್ತನೇ ನಂಬರಿನ ಬೂಟು ಜಾರಿತು, ಚೆಂಡು ನಮ್ಮದೇ ಬಲೆಗೆ ಹೋಯಿತು. ಅದನ್ನೂ ಬರೆಯಿರಿ. ನನ್ನ ಹೆಸರಿನ ಎದುರಿಗೇ ಬರೆಯಿರಿ.

ಈಗ ಫೋಟೋ. ನೆಲದಲ್ಲಿ ಕೂತ ಇಬ್ಬರಲ್ಲಿ ಎಡಗಡೆಯವನು ಗುಂಗುರು ಕೂದಲಿನ ಹುಡುಗ, ಮೊಣಕಾಲಿಗೆ ಪಟ್ಟಿ ಕಟ್ಟಿದ್ದಾನೆ. ಗಿರ್‌ಗಾಂವಿನಿಂದ ಬರುತ್ತಿದ್ದ, ಲೆಫ್ಟ್ ಹಾಫ್. ಕುರ್ಚಿಯ ಸಾಲಿನಲ್ಲಿ ಬಲದ ತುದಿಯವನು ಕನ್ನಡಕ ತೆಗೆದು ಕೈಯಲ್ಲಿ ಹಿಡಿದಿದ್ದಾನೆ, ಆಡುವಾಗ ಅವನಿಗೆ ದೂರದ ಚೆಂಡು ಕಾಣುತ್ತಿರಲಿಲ್ಲ, ಸದ್ದಿನ ಮೇಲೆ ಓಡುತ್ತಿದ್ದ. ಹಿಂದಿನ ಸಾಲಿನಲ್ಲಿ ಎಡದಿಂದ ಎರಡನೆಯವನು ಗೋವಾದವನು, ಬಹಳ ಎತ್ತರ. ಕಾರ್ನರ್ ಬಂದರೆ ಎಲ್ಲರೂ ಅವನ ತಲೆ ಹುಡುಕುತ್ತಿದ್ದೆವು. ಅದೇ ಸಾಲಿನ ಬಲದ ತುದಿಯಲ್ಲಿ ಗೋಲ್‌ಕೀಪರ್. ಅವನ ಎಡಗೈಯ ಕಿರುಬೆರಳು ಮಡಚುತ್ತಿರಲಿಲ್ಲ. ಕಾಮಾಠಿಪುರದ ತೆಲುಗಿನವನು. ಅವನನ್ನು ನಾವು ಬಾಬು ಎಂದು ಕರೆಯುತ್ತಿದ್ದೆವು, ಅದು ಹೆಸರಲ್ಲ.

ಗೊತ್ತಿದ್ದವರು ತಿಳಿಸಿ.

ಇತಿ,
ಫೋಟೋದಲ್ಲಿ ಹಿಂದಿನ ಸಾಲು, ಎಡದಿಂದ ಐದನೆಯವನು
ಮುಲುಂಡ್, ಮುಂಬಯಿ